ಯೇಸುವಿನ ಸೋದರತ್ತೆ

ಗುರಲಿಂಗಪ್ಪನ ಮಗನಿಗೆ ಏಳು ತಿಂಗಳು ತುಂಬುತ್ತ ಬಂದರೂ ಹೆಸರಿರಲಿಲ್ಲ. ಹಲ್ಲು ಎರಡು ಬಂದಿದ್ದವು, ಅಂಬೆಗಾಲಿಟ್ಟು ಪಕ್ಕದ ಖೋಲಿಗೆ ಹೋಗಿ ಅವರ ನೀರಿನ ಚೊಂಬು ಉರುಳಿಸಿ ಬರುತ್ತಿದ್ದ, ಆದರೆ ಕರೆಯಬೇಕೆಂದರೆ 'ಏ ಕೂಸೇ' ಅನ್ನಬೇಕು. ಮಲಾಡಿನ ಆ ತಗಡಿನ ಚಾಳಿನಲ್ಲಿ ಕೂಸುಗಳು ಇಪ್ಪತ್ತಿದ್ದವು. ಒಂದನ್ನು ಕರೆದರೆ ನಾಲ್ಕು ತಿರುಗಿ ನೋಡುತ್ತಿದ್ದವು.

ಇದಕ್ಕೆಲ್ಲ ಕಾರಣ ಒಂದು ಪೋಸ್ಟ್ ಕಾರ್ಡು. ಕೂಸು ಹುಟ್ಟಿದ್ದು ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ, ರೈಲ್ವೆ ಮುಷ್ಕರದ ದಿನಗಳಲ್ಲಿ. ಸ್ಟೇಷನ್ನಿಗೆ ಹೋದವರಿಗೆ ಲೋಕಲ್ ಸಿಕ್ಕರೆ ಪುಣ್ಯ ಎನ್ನುವಂತಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಗುರಲಿಂಗಪ್ಪನ ಅಕ್ಕ ಇಂದ್ರಾಬಾಯಿ. ಆಕೆಯ ಗಂಡ ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿ ವಾಚ್‌ಮನ್. ಕುಂಕುಮದ ಬಟ್ಟಲು ಹಿಡಿದು ಮನೆಗೆ ಹೋಗಿ ಕರೆಯುವುದು ಪದ್ಧತಿ. ಗುರಲಿಂಗಪ್ಪ ಕಾರ್ಡು ಹಾಕಿದ.

ಇಂದ್ರಾಬಾಯಿ ಬರಲಿಲ್ಲ. "ಕಾರ್ಡಿನ್ಯಾಗ ಕರದಾನ, ನಾನೂ ಕಾರ್ಡಿನ್ಯಾಗ ಹೆಸರಿಡ್ತೀನಿ ಅಂತ ಹೇಳ್ರಿ" ಎಂದು ಯಾರದೋ ಕೈಲಿ ಹೇಳಿ ಕಳಿಸಿದಳು. ಗುರಲಿಂಗಪ್ಪನಿಗೂ ರೇಗಿತು. "ಬರಲಿಲ್ಲಂದ್ರ ಬಿಡ್ಲಿ" ಅಂದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ಅವರನ್ನು ಹೆತ್ತ ಬಸಲಿಂಗವ್ವ ಮಾತ್ರ, "ಅತ್ತಿ ಇಲ್ದ ತೊಟ್ಟಲ ಆಗಾಂಗಿಲ್ಲ" ಎಂದು ಗೆರೆ ಎಳೆದಂತೆ ಹೇಳಿಬಿಟ್ಟಳು. ಅತ್ತೆಗೆಂದು ತಂದ ಇಳಕಲ್ ಸೀರೆ ಟ್ರಂಕಿನಲ್ಲೇ ಉಳಿಯಿತು.

ಮನೆಯಲ್ಲಿ ಯಾರಿಗೂ ಕೈ ಬಿಡುವಿರಲಿಲ್ಲ. ಬಸಲಿಂಗವ್ವ ನಸುಕಿಗೇ ಎದ್ದು, ಊರು ಬಿಟ್ಟು ಒಂಟಿಯಾಗಿ ಬಂದ ಕೂಲಿಯವರಿಗೆ ಅರವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹತ್ತು ಗಂಟೆಗೆ ಅವಳ ಒಲೆ ಆರಿದರೆ ಆಮೇಲೆ ಸೊಂಟ ಚಾಚಿ ಮಲಗಬೇಕು. ಗುರಲಿಂಗಪ್ಪ ಗೌಂಡಿ, ಗೋಡೆ ಕಟ್ಟುವವನು. ಹೆಂಡತಿ ಹನುಮವ್ವ ಅದೇ ಬಿಲ್ಡಿಂಗಿನಲ್ಲಿ ಬುಟ್ಟಿ ಹೊರುವವಳು. ಬಿಲ್ಡಿಂಗು ಕೂಗಳತೆಯಲ್ಲಿದ್ದದ್ದರಿಂದ ಮಧ್ಯಾಹ್ನ ಓಡಿ ಬಂದು ಕೂಸಿಗೆ ಹಾಲು ಕುಡಿಸಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಕೂಸು ತನ್ನ ಅಕ್ಕ ಚಂಪಾಳ ಎಡಸೊಂಟದ ಮೇಲೆ. ಹತ್ತು ವರ್ಷದ ಚಂಪಾ ಊರಲ್ಲಿ ಓದುತ್ತಿದ್ದವಳು, ಮುಂಬಯಿಗೆ ಬಂದ ಮೇಲೆ ಅದು ನಿಂತಿತ್ತು. ಕೂಸನ್ನು ಹೊತ್ತು ಹೊತ್ತು ಆಕೆ ಬಲಕ್ಕೆ ವಾಲಿ ನಡೆಯುತ್ತಿದ್ದಳು. ಕೂಸು ಕೆಳಗಿದ್ದಾಗಲೂ ಅದೇ ನಡಿಗೆ.

ಚಾಳಿನ ಕೊನೆಯಲ್ಲಿ ಮಿಶನ್ನಿನವರ ಒಂದು ಶೆಡ್ಡಿತ್ತು. ಬಿಲ್ಡಿಂಗು ಕಟ್ಟುವವರ ಮಕ್ಕಳು ಮರಳ ಗುಡ್ಡೆಯಲ್ಲಿ ಹೊರಳಾಡಿ ದೊಡ್ಡವರಾಗುವುದನ್ನು ನೋಡಲಾರದೆ ಬೆಟಗೇರಿ ಕಡೆಯ ಶೀಲಾವತಿ ಎಂಬಾಕೆ ಅಲ್ಲಿ ಪಾಠ ಶುರು ಮಾಡಿದ್ದಳು. ಮೊದಲು ಉಗುರು ನೋಡುವುದು, ಆಮೇಲೆ ಒಂದು ಹಾಡು, ಒಂದು ಬೈಬಲ್ ಕತೆ, ಆಮೇಲೆ ಅಕ್ಷರ, ಲೆಕ್ಕ. ಮಕ್ಕಳೆಲ್ಲ ಆಕೆಯನ್ನು ಅಕ್ಕೋರು ಅನ್ನುತ್ತಿದ್ದರು. ಚಂಪಾ ಮೊದಲ ದಿನ ಬಾಗಿಲಲ್ಲೇ ನಿಂತಿದ್ದಳು.

"ಕೂಸು ಕರ್ಕೊಂಡು ಬಂದ್ರ ನಡೀತೈತೇನ್ರಿ ಅಕ್ಕೋರೇ?"

"ಅಳ್ತದೇನು?"

"ಅಳ್ತಾನ್ರಿ."

"ನನ್ನ ಹಾಡು ಕೇಳಿದ್ರ ಇನ್ನೂ ಜೋರ ಅಳ್ತಾನ. ಇರಲಿ, ಒಳಗ ಬಾ."

ಆ ಶೆಡ್ಡಿನಲ್ಲಿ ಶನಿವಾರ ಪಂಚಾಯ್ತಿ ನಡೆಯುತ್ತಿತ್ತು, ಮಕ್ಕಳದೇ ಪಂಚಾಯ್ತಿ. ಒಂದು ಹಿತ್ತಾಳೆ ಗಂಟೆ ಇತ್ತು. ಗಂಟೆ ಯಾರ ಕೈಯಲ್ಲಿದೆಯೋ ಮಾತು ಅವರದು. ಉಳಿದವರು, ಶೀಲಾವತಿಯೂ ಸೇರಿ, ಬಾಯಿ ಮುಚ್ಚಿಕೊಂಡಿರಬೇಕು. ಮನೆಯಲ್ಲಿ 'ಬಾಯಿ ಮುಚ್ಚು' ಕೇಳಿ ಬೆಳೆದ ಮಕ್ಕಳಿಗೆ ಇದರ ರುಚಿ ಹತ್ತಿಬಿಟ್ಟಿತು. ಮೊದಲ ವಾರ ಗಂಟೆ ಹಿಡಿದು ಬರೀ ನಕ್ಕ ಚಂಪಾ ಎರಡನೆಯ ವಾರ, ನಲ್ಲಿಯ ಹತ್ತಿರ ದೊಡ್ಡ ಹುಡುಗರು ಹೆಣ್ಣುಮಕ್ಕಳ ಕೊಡ ಹಿಂದೆ ತಳ್ಳುತ್ತಾರೆ ಎಂದು ಹೇಳಿದಳು. ಮೂರನೆಯ ವಾರಕ್ಕೆ ಕೊಡಗಳು ಸಾಲಾಗಿ ನಿಂತವು. ಅಂದು ಆಕೆ ಮನೆಗೆ ಓಡಿದ ರಭಸಕ್ಕೆ ಕೂಸಿಗೆ ಬಿಕ್ಕಳಿಕೆ ಹತ್ತಿತು.

ನವೆಂಬರಿನ ಒಂದು ಸಂಜೆ ಆಕೆ ಇನ್ನೂ ದೊಡ್ಡ ಸುದ್ದಿ ತಂದಳು. ತಾಟಿನ ಮುಂದೆ ಕೂತರೂ ರೊಟ್ಟಿ ಮುಟ್ಟಲಿಲ್ಲ.

"ಅಪ್ಪಾ, ಜೂನ್‌ನಾಗ ನನ್ನ ಮುನ್ಸಿಪಾಲ್ಟಿ ಕನ್ನಡ ಸಾಲ್ಯಾಗ ನಾಕನೇತ್ತಾಕ ಹಚ್ತಾರಂತ. ಲೆಕ್ಕ ಅಷ್ಟ ಹಿಂದ ಐತಿ. ಏಪ್ರಿಲ್ ತನಕ ಅಕ್ಕೋರ ಕಡಿ ಹೋದ್ರ ಆಗಿ ಹೋಗ್ತೈತಿ."

ಗುರಲಿಂಗಪ್ಪ ರೊಟ್ಟಿ ಮುರಿದು ಹೆಸರುಕಾಳಿನ ಪಲ್ಯಕ್ಕೆ ಹಚ್ಚಿದ. "ಇಲ್ಲಿ ಕೆಲಸ ಡಿಸೆಂಬರಕ್ಕ ಮುಗೀತೈತಿ. ಜನವರಿಂದ ಅಂಧೇರಿ ಬಿಲ್ಡಿಂಗ್."

"ನೀವು ಹೋಗ್ರಿ. ನಾ ಸಾಲಿಗಿ ಹೋಗ್ತೀನಿ."

"ಕೂಸಿಗಿ ಹಾಲು ಯಾರು ಕುಡಸ್ತಾರ? ಅವ್ವ ಹೋದಲ್ಲಿ ಕೂಸು, ಕೂಸು ಹೋದಲ್ಲಿ ನೀ."

"ಆಯಿ ಹಿಡೀಲಿ."

"ಅರವತ್ತು ರೊಟ್ಟಿ ಬಡದು ನನ್ನ ರಟ್ಟಿ ಬಿದ್ದು ಹೋಗಿರ್ತಾವ" ಎಂದಳು ಬಸಲಿಂಗವ್ವ. "ಒಲಿ ಮುಂದ ಅಂಬೆಗಾಲ ಕೂಸು ಬ್ಯಾಡವ್ವ. ಆ ಕಿರಿಸ್ತಾನರ ಶೆಡ್ಡಿನ್ಯಾಗ ನೀ ಏನ್ ಕಲೀತಿದ್ದಿ, ನನಗ ತಿಳೀದೇನು? ಮೊದಲ ಹಾಡು ಕಲಸ್ತಾರ, ಆಮ್ಯಾಲೆ ಹೆಸರು ತಗಿತಾರ."

"ಈ ಮನ್ಯಾಗ ತಗ್ಯಾಕ ಕೂಸಿಗಿ ಹೆಸರೆಲ್ಲಿ ಐತಿ?" ಎಂದಳು ಹನುಮವ್ವ.

ಬಸಲಿಂಗವ್ವ ಸೊಸೆಯನ್ನು ಒಂದು ಸಲ ನೋಡಿ ರೊಟ್ಟಿಯ ಬುಟ್ಟಿ ಮುಚ್ಚಿದಳು. ಹನುಮವ್ವ ಮಜ್ಜಿಗೆ ಬಡಿಸುತ್ತ ಗಂಡನಿಗೆ, "ಕ್ರಿಸ್ಮಸ್ ನಾಟಕ ಮಾಡ್ತಾರಂತ. ಅಲ್ಲೀ ತನಕರ ಹೋಗ್ಲಿ" ಅಂದಳು.

"ಹೋಗ್ಲಿ. ಮರುದಿನದಿಂದ ಬಂದ್" ಎಂದು ಗುರಲಿಂಗಪ್ಪ ಕೈ ತೊಳೆದ.

ಚಂಪಾಳಿಗೆ ಉಳಿದದ್ದು ಐದು ವಾರ. ಅತ್ತು ಕಳೆಯುವ ಸ್ವಭಾವ ಅವಳದಲ್ಲ. ಅಂಧೇರಿಯ ಮಾತನ್ನು ತಲೆಯ ಹಿಂದೆ ತಳ್ಳಿ ನಾಟಕಕ್ಕೆ ಬಿದ್ದಳು.

ನಾಟಕವೂ ಪಂಚಾಯ್ತಿಯ ಪಾಲಿಗೇ ಬಂದಿತ್ತು. ಬೇತ್ಲೆಹೇಮಿನ ಕತೆ ಹೇಳಿ ಮುಗಿಸಿದ ಶೀಲಾವತಿ ಗಂಟೆಯನ್ನು ನಡುವೆ ಇಟ್ಟು, "ಕತಿ ನಾ ಹೇಳೀನಿ. ನಾಟಕ ನಿಮ್ಮದು. ಯಾರು ಏನಾಗ್ತೀರಿ, ಏನ್ ಮಾತಾಡ್ತೀರಿ, ನೀವ ಮಾಡ್ರಿ" ಅಂದಳು. ಯೋಸೇಫನಾಗಲು ಶರೀಫ ಆಯ್ಕೆಯಾದ. ಅವನಜ್ಜ ಮಕ್ತುಮಸಾಬ ಗಾದಿ ಹೊಲಿಯುವವನು, ಗಡ್ಡಕ್ಕೆ ಬೇಕಾದಷ್ಟು ಹತ್ತಿ ಮನೆಯಲ್ಲೇ ಇತ್ತು. ಉಡುಪಿ ಹೋಟೆಲಿನ ಅಂಗಾರನ ಮಗಳ ಹತ್ತಿರ ನೀಲಿ ಲಂಗ ಇದ್ದದ್ದರಿಂದ ಆಕೆ ಮರಿಯಳಾದಳು. ಕೂಸಂತೂ ಸಿದ್ಧವಾಗಿಯೇ ಇತ್ತು. ಗೋದಲಿಯಲ್ಲಿ, ದನದ ಮೇವಿನ ತೊಟ್ಟಿಯಲ್ಲಿ, ಯೇಸುವಾಗಿ ಮಲಗಿಸಿಕೊಳ್ಳಬಹುದೇ ಎಂದು ಶೀಲಾವತಿ ಕೇಳಿದಾಗ ಹನುಮವ್ವ, "ಮಲಗಿದ್ರ ಮಲಗಿಸ್ಕೋರಿ. ನನ್ನ ಮುಂದಂತೂ ಮಲಗಾಂಗಿಲ್ಲ" ಎಂದು ಒಪ್ಪಿದ್ದಳು.

ಚಂಪಾ ಗಂಟೆ ತೆಗೆದುಕೊಂಡಳು.

"ಅಕ್ಕೋರೇ, ಯೇಸುಗ ಹೆಸರಿಟ್ಟಾಕಿ ಯಾರ್ರಿ?"

"ಹೆಸರು ದೇವದೂತ ಮೊದಲ ಹೇಳಿದ್ದ."

"ಹೇಳೋದು ಬ್ಯಾರೆ, ಕಿವ್ಯಾಗ ಹೇಳೋದು ಬ್ಯಾರೆ. ಸ್ವಾದರತ್ತಿ ಯಾರು?"

ಹದಿನೆಂಟು ಮಕ್ಕಳು ಶೀಲಾವತಿಯ ಮುಖ ನೋಡಿದರು. ಆಕೆ ಬೈಬಲ್ ತೆರೆದು ಒಂದು ಪುಟ ನೋಡಿದಳು, ಇನ್ನೊಂದು ಪುಟ ನೋಡಿದಳು. "ಯೋಸೇಫಗ ಅಕ್ಕ ತಂಗಿ ಇದ್ರು ಅಂತ ಬರ್ದಿಲ್ಲ" ಎಂದು ಒಪ್ಪಿಕೊಂಡಳು.

"ಇರಲಿಲ್ಲ ಅಂತ ಬರ್ದಾರೇನ್ರಿ?"

"ಅದೂ ಇಲ್ಲ."

"ಮತ್ತ? ಕುರಿ ಕಾಯವ್ರು ಬಂದಾರ, ಒಂಟಿ ಮ್ಯಾಲೆ ಎಲ್ಲಿಂದಲೋ ಮೂರು ಮಂದಿ ಬಂದಾರ, ಅತ್ತಿ ಬರಲಿಲ್ಲಂದ್ರ ಹ್ಯಾಂಗ? ಕೂಸಿನ್ನ ಮಂದಿ ಏನಂದಾರು?"

ಎಲ್ಲರೂ ಕೈ ಎತ್ತಿದರು. ಯೇಸುವಿಗೆ ಒಬ್ಬ ಸೋದರತ್ತೆ ಇರಬೇಕೆಂದು ಪಂಚಾಯ್ತಿ ತೀರ್ಮಾನಿಸಿತು, ಅತ್ತೆಯ ಪಾರ್ಟು ಚಂಪಾಗೆ ಬಂತು. ಭಾನುವಾರ ಪಾದ್ರಿಗಳು ಇದನ್ನು ಕೇಳಿ ಹುಬ್ಬು ಏರಿಸಿದರು. "ದೇವರ ಮಗ ನಮ್ಮ ಮನ್ಯಾಗ ಹುಟ್ಟ್ಯಾನ ಅಂತ ಈ ಮಕ್ಕಳು ನಂಬ್ಯಾರ್ರಿ ಅಯ್ಯನವರೇ. ಇನ್ನೇನು ಬೇಕು ನಮಗ?" ಎಂದಳು ಶೀಲಾವತಿ. ಪಾದ್ರಿಗಳು ಹುಬ್ಬು ಇಳಿಸಿದರು.

ತಾಲೀಮು ಭರದಿಂದ ನಡೆಯಿತು. ಚಂಪಾ ಟವೆಲನ್ನು ಸೆರಗು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗ್ರಾಂಟ್ ರೋಡಿನ ಅತ್ತೆಯ ಹಾಗೆ ಕುತ್ತಿಗೆ ಕೊಂಕಿಸಿ ಬರುತ್ತಿದ್ದಳು. ತೊಟ್ಟಿಲ ಶಾಸ್ತ್ರದಂತೆ ಗೋದಲಿಯ ಮೇಲಿಂದ ಒಬ್ಬರು ಕೂಸನ್ನು ಕೊಟ್ಟರೆ ಕೆಳಗಿಂದ ಇನ್ನೊಬ್ಬರು ತಿರುಗಿಸಿ ಕೊಡಬೇಕು, ಹೀಗೆ ಐದು ಸಲ. "ಗೋಪಾಳನ್ನ ತಗೋರಿ, ಗೋವಿಂದನ್ನ ಕೊಡ್ರಿ" ಎಂದು ಮರಿಯ ಹೇಳಿದಳು. ಆಕೆ ಮಂಗಳೂರ ಕಡೆಯವಳು, ಈ ಮಾತು ಹೊಸದಾಗಿ ಕಲಿತ ಉತ್ಸಾಹದಲ್ಲಿ ಏಳು ಸಲ ಹೇಳಿದಳು. ಚಂಪಾ ಬಗ್ಗಿ, ಕೂಸಿನ ಕಿವಿಗೆ ಕೈ ಅಡ್ಡ ಹಿಡಿದು "ಕುರ್ರ್" ಎಂದು ಏನೋ ಹೇಳಿದಳು. ಪದ್ಧತಿಯಂತೆ ಕುರಿ ಕಾಯುವವರೂ ದೇವದೂತರೂ ಅವಳ ಬೆನ್ನಿಗೆ ದಬದಬ ಗುದ್ದಿದರು. ಕೂಸು ಕೇಕೆ ಹಾಕಿ ನಕ್ಕಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಅಣವೀರಪ್ಪ ನಿಂತಿದ್ದ. ಗುರಲಿಂಗಪ್ಪನ ಆ ಕಾರ್ಡು ಬರೆದುಕೊಟ್ಟವನೂ ಇವನೇ. ಸುದ್ದಿಗೆ ಕಾಲಿಲ್ಲ ಅನ್ನುತ್ತಾರೆ, ಮಲಾಡಿನಲ್ಲಿ ಅದಕ್ಕೆ ಅಣವೀರಪ್ಪನ ಕಾಲುಗಳಿದ್ದವು.

"ಗುರಲಿಂಗಪ್ಪಣ್ಣ, ಪೇಡೆ ಎಲ್ಲಿ?" ಎಂದು ಸಂಜೆ ಮನೆಯ ಮುಂದೆಯೇ ಕೇಳಿದ.

"ಯಾತರ ಪೇಡೆ?"

"ಮಗಗ ಹೆಸರಿಟ್ರಲ್ಲ. ಕಿರಿಸ್ತಾನ ಶೆಡ್ಡಿನ್ಯಾಗ, ಐದು ಸಲ ದಾಟ್ಸಿ, ಕಿವ್ಯಾಗ ಹೇಳಿ, ಬೆನ್ನಿಗಿ ಗುದ್ದಿ, ಎಲ್ಲಾ ಮುಗದೈತಿ. ಯೇಸು ಅಂತ ಇಟ್ಟಾರ."

ಅಂದಿನ ಊಟ ಯಾರ ಹೊಟ್ಟೆಗೂ ಹೋಗಲಿಲ್ಲ. ಬಸಲಿಂಗವ್ವ ಕೂಸಿನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು, ಹೆಸರು ಒಳಗೆ ಕಾಣುತ್ತದೋ ಎಂಬಂತೆ.

"ಕಿವ್ಯಾಗ ಬಿದ್ದ ಹೆಸರು ತಗ್ಯಾಕ ಬರಾಂಗಿಲ್ಲ. ಎರಡು ಸಲ ಹೆಸರಿಟ್ರ ಕೂಸಿಗಿ ಕೇಡು. ಇವರಜ್ಜನ ಹೆಸರು ಚಂದ್ರಾಮ ಅಂತ ಇಡೋದಿತ್ತು. ಏಳು ತಿಂಗಳು ನಾ ಕಾದಿದ್ದು ಇದಕೇನು?"

"ನೀ ಯಾಕ ಕೂಸಿನ್ನ ಕೊಟ್ಟಿ?" ಎಂದು ಗುರಲಿಂಗಪ್ಪ ಹೆಂಡತಿಯ ಮೇಲೆ ಏರಿಹೋದ.

"ಮಲಗಸಾಕ ಕೊಟ್ಟಿದ್ಯ. ನೀವು ಕಾರ್ಡು ಬರಸೋ ಬದಲಿ ಕಾಲಿಗಿ ಚಪ್ಪಲಿ ಮೆಟ್ಟಿದ್ರ ಈ ಮಾತೇ ಇರ್ತಿದ್ದಿಲ್ಲ."

"ಅಪ್ಪಾ, ನಾ ಏನ್ ಹೇಳೀನಂದ್ರ..." ಎಂದು ಚಂಪಾ ನಡುವೆ ಬಂದಳು.

"ನೀ ಬಾಯಿ ಮುಚ್ಚು. ನಾಳಿಂದ ಶೆಡ್ಡಿನ ಕಡಿ ಕಾಲಿಟ್ರ ಕಾಲ ಮುರೀತೀನಿ."

"ಆಯಿ, ಕಿವ್ಯಾಗ ನಾ..."

"ಮುಚ್ಚಂದ್ರ ಮುಚ್ಚು."

ಗಂಟೆ ಶೆಡ್ಡಿನಲ್ಲಿತ್ತು, ಇಲ್ಲಿ ಕೇಳುವವರು ಯಾರು? ಚಂಪಾ ಗೋಡೆಗೆ ಮುಖ ಮಾಡಿ ಕೂತಳು. ಕ್ರಿಸ್ಮಸ್ಸಿಗೆ ಇನ್ನೂ ಒಂದು ವಾರ ಇತ್ತು, ಆ ಒಂದು ವಾರವೂ ಕೈಬಿಟ್ಟು ಹೋಗಿತ್ತು.

ಮರುದಿನ ಗುರಲಿಂಗಪ್ಪ ಗಾರೆ ಮೆತ್ತುವ ಕರಣಿ ಕೈಯಲ್ಲೇ ಹಿಡಿದುಕೊಂಡು ಶೆಡ್ಡಿಗೆ ಹೋಗಿ ಕೂಗಾಡಿದ. ಶೀಲಾವತಿ ಪೂರ್ತಿ ಕೇಳಿಸಿಕೊಂಡಳು.

"ತಾಯಿನ್ನ ಕೇಳಿದ್ದೆ, ನಿಮ್ಮನ್ನೂ ಕೇಳಬೇಕಿತ್ತು. ನನ್ನ ತಪ್ಪದ, ಒಪ್ಕೋತೀನಿ. ಆದ್ರ ಆಕಿ ಕಿವ್ಯಾಗ ಏನ್ ಹೇಳ್ಯಾಳ, ನನಗ ಗೊತ್ತಿಲ್ರಿ. ಆಕಿನ್ನ ಕೇಳ್ರೆಲ್ಲ."

"ಹುಡುಗೀನ್ನ ಏನ್ ಕೇಳೋದು?" ಎಂದು ಅವನು ಹೊರಟುಹೋದ.

ಬಸಲಿಂಗವ್ವ ಸುಮ್ಮನೆ ಕೂಡುವ ಪೈಕಿಯಲ್ಲ. ಡಿಸೆಂಬರ್ ಇಪ್ಪತ್ತನಾಲ್ಕರಂದು, ನಾಟಕದ ದಿನ, ಮಧ್ಯಾಹ್ನ ದಾಟುತ್ತಲೇ ಸೆರಗಿಗೆ ನಾಲ್ಕು ರೊಟ್ಟಿ ಕಟ್ಟಿಕೊಂಡು ಲೋಕಲ್ ಹತ್ತಿದಳು. ಗ್ರಾಂಟ್ ರೋಡಿನಲ್ಲಿ ಮೂರು ಕಡೆ ದಾರಿ ಕೇಳಿ ಮಗಳ ಖೋಲಿ ಮುಟ್ಟಿದಳು.

"ಕರದ್ರ ಬರ್ತೀನಿ. ಇಲ್ಲಾಂದ್ರ ಇಲ್ಲ" ಎಂದಳು ಇಂದ್ರಾಬಾಯಿ, ತಾಯಿ ಕೂಡುವುದಕ್ಕೂ ಮೊದಲೇ.

"ಕರಿಯಾಕ ಬಂದಿಲ್ಲ. ನಿನ್ನ ಹಕ್ಕ ಬ್ಯಾರೆ ಯಾರೋ ತಗೊಂಡ್ರು ಅಂತ ಹೇಳಾಕ ಬಂದೀನಿ."

"ಯಾರ ತಗೊಂಡ್ರು?"

"ಯೇಸು ಸ್ವಾದರತ್ತಿ ಅಂತ."

ಏಳು ತಿಂಗಳು ಯಾವ ಸಂಧಾನಕ್ಕೂ ಅಲುಗಾಡದ ಇಂದ್ರಾಬಾಯಿ ಎರಡು ನಿಮಿಷದಲ್ಲಿ ಚಪ್ಪಲಿ ಮೆಟ್ಟಿದಳು. ಖೋಲಿಗೆ ಬೀಗ ಹಾಕದೆ ಬರೀ ಚಿಲಕ ಹಾಕಿದ್ದು ಸ್ಟೇಷನ್ನಿಗೆ ಬಂದ ಮೇಲೆ ನೆನಪಾಗಿ ಬೀಗದ ಕೈಗೆ ತಡಕಾಡಿದಳು, ಹಾಳಾಗಿ ಹೋಗಲಿ ಎಂದು ಗಾಡಿ ಹತ್ತಿದಳು.

ಇತ್ತ ಮಲಾಡಿನಲ್ಲಿ ಹನುಮವ್ವ ಅರ್ಧ ದಿನಕ್ಕೇ ಬುಟ್ಟಿ ಕೆಳಗಿಟ್ಟು ಬಂದಿದ್ದಳು. ಮಗಳಿಗೂ ಕೂಸಿಗೂ ತಲೆಗೆ ನೀರು ಹಾಕಿದಳು. ಟ್ರಂಕಿನಿಂದ ಆ ಇಳಕಲ್ ಸೀರೆಯನ್ನೇ ತೆಗೆದು ಚಂಪಾಳಿಗೆ ಸುತ್ತತೊಡಗಿದಳು. ಹತ್ತು ವರ್ಷದವಳಿಗೆ ಅದು ಮೂರು ಸುತ್ತು ಹೆಚ್ಚೇ ಬಂತು.

"ಅವ್ವಾ, ಅಪ್ಪ ಕಾಲ ಮುರೀತೀನಿ ಅಂದಾನ."

"ಮುರೀಲಿ, ನಂದೂ ಮುರೀಲಿ. ಹೆಸರು ಬಿದ್ದಿದ್ದು ಖರೇ ಆದ್ರ ಇನ್ನೇನು ಹೋಗೋದೈತಿ? ನಾ ನಿನ್ನ ನಾಟಕ ನೋಡಾಕಿ." ಮಗಳ ನೆರಿಗೆ ತೀಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಎಷ್ಟು ಚಂದ ಕಾಣ್ತಿ ನೋಡು."

ಸಂಜೆ ಐದಕ್ಕೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಣ್ಣದ ಕಾಗದದ ನಕ್ಷತ್ರ ತೂಗುತ್ತಿತ್ತು. ಹಿಂದಿನ ಸಾಲಿನಲ್ಲಿ ಮಕ್ತುಮಸಾಬ ಮೊಮ್ಮಗನ ಗಡ್ಡ ನೋಡಿ ತನ್ನ ಗಡ್ಡ ನೀವಿಕೊಳ್ಳುತ್ತಿದ್ದ. ಮನೆಯಲ್ಲಿ ಯಾರೂ ಇಲ್ಲದ್ದು ಕಂಡು ಗುರಲಿಂಗಪ್ಪ ಉರಿದುಕೊಂಡು ಬಂದವನು, ಕೂಸನ್ನು ಎತ್ತಿಕೊಂಡು ಹೋಗಬೇಕೆಂದು ಮುಂದಕ್ಕೆ ನುಗ್ಗಿದ. ಅಷ್ಟರಲ್ಲಿ ಪರದೆ ಸರಿಯಿತು. ನೂರು ಜನರ ಮುಂದೆ ಏನು ಮಾಡಲೂ ತೋಚದೆ ಕಂಬ ಹಿಡಿದು ನಿಂತ.

ಗೋದಲಿಯಲ್ಲಿ ಕೂಸು ಹುಲ್ಲು ಕಿತ್ತು ಬಾಯಿಗಿಡುತ್ತಿತ್ತು. ಹತ್ತಿಗಡ್ಡದ ಯೋಸೇಫ ಒಂದು ಕಾರ್ಡು ಬರೆದು ಕುರಿ ಕಾಯುವವನ ಕೈಗೆ ಕೊಟ್ಟ. "ಯೇ ಕಾರ್ಡು ನಮ್ಮ ಅಕ್ಕಾಗೆ ಕೊಡು. ತೊಟ್ಟಲಕ್ಕೆ ಬಾ ಅಂತ ಹೇಳು."

ವೇದಿಕೆಯ ಇನ್ನೊಂದು ತುದಿಯಲ್ಲಿ ಇಳಕಲ್ ಸೀರೆಯ ಸೋದರತ್ತೆ ಎದ್ದು ನಿಂತಳು. ಸೆರಗು ಸಿಕ್ಕಿಸಿದಳು, ಕುತ್ತಿಗೆ ಕೊಂಕಿಸಿದಳು, ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ದೂರ ಮಾಡಿದಳು.

"ಕಾರ್ಡಿನ್ಯಾಗ ಕರದ್ರ ಬರಾಕ ನಾ ಏನ್ ರೇಶನ್ ಸಕ್ಕರಿ ಏನು? ಒಂದ ಹೊಟ್ಟ್ಯಾಗ ಹುಟ್ಟೀವಿ. ಒಂಟಿ ಮ್ಯಾಲೆ ಬರೋ ರಾಜರಿಗಿ ಮುಗಿಲಿನ ಚಿಕ್ಕಿ ಬಂದು ದಾರಿ ತೋರ್ಸೈತಿ. ನನ್ನ ಕರಿಯಾಕ ನನ್ನ ತಮ್ಮಗ ಕಾಲಿಲ್ಲೇನು?"

ಶೆಡ್ಡು ನಗೆಯಿಂದ ಅದುರಿತು. ಚಾಳಿನವರಿಗೆ ಯಾರ ಮನೆಯ ಮಾತು ಎಂದು ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರೂ ಕಂಬದ ಕಡೆ ತಿರುಗಿದರು. ಗುರಲಿಂಗಪ್ಪ ತಲೆ ತಗ್ಗಿಸಿದ. ಬಾಗಿಲಲ್ಲಿ ಆಗತಾನೆ ಬಂದು ನಿಂತ ಇಂದ್ರಾಬಾಯಿಯನ್ನು ಮಾತ್ರ ಯಾರೂ ನೋಡಲಿಲ್ಲ. ಜಗಳಕ್ಕೆಂದು ಸೆರಗು ಸಿಕ್ಕಿಸಿದ್ದ ಅವಳ ಕೈ ಅಲ್ಲೇ ನಿಂತಿತ್ತು.

"ಯವ್ವಾ, ನಾ ಹಿಂಗ ಕುತ್ತಿಗಿ ಮಾಡ್ತೀನೇನು?" ಎಂದು ತಾಯಿಯನ್ನು ಮೆಲ್ಲಗೆ ಕೇಳಿದಳು.

"ಇನ್ನೂ ಹೆಚ್ಚ ಮಾಡ್ತಿ" ಎಂದಳು ಬಸಲಿಂಗವ್ವ.

ಯೋಸೇಫ ಕುಂಕುಮದ ಬಟ್ಟಲು ಹಿಡಿದು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದ. "ಅಕ್ಕಾ, ಮಾಫ್ ಕರೋ. ತಪ್ಪಾಯ್ತು. ನೀನು ಇಲ್ಲದೆ ನಮ್ಮ ಕೂಸಿಗೆ ಹೆಸರಿಲ್ಲ." ಸೋದರತ್ತೆ ಮುಖ ತಿರುಗಿಸಿದಳು, ಆಮೇಲೆ ತಿರುಗಿ ನಕ್ಕಳು. ಮೇಲೆ ಕೆಳಗೆ ಐದು ಸಲ ಕೂಸು ದಾಟಿತು. ಬೆನ್ನಿಗೆ ಗುದ್ದುಗಳು ಬಿದ್ದವು. ಚಂಪಾ ಕಿವಿಯಿಂದ ಬಾಯಿ ತೆಗೆದು ಜನರಿಗೆ, "ಹೆಸರು ಯೇಸು" ಎಂದು ಕೂಗಿದಳು. ಚಪ್ಪಾಳೆಯ ಸದ್ದಿಗೆ ಕೂಸು ಬೆಚ್ಚಿ ಅತ್ತಿತು.

ಚಪ್ಪಾಳೆ ನಿಲ್ಲುವ ಮೊದಲೇ ಇಂದ್ರಾಬಾಯಿ ವೇದಿಕೆ ಹತ್ತಿದ್ದಳು. ಗುರಲಿಂಗಪ್ಪನೂ ಬಂದ, ಹಿಂದಿನಿಂದ ಬಸಲಿಂಗವ್ವ, ಹನುಮವ್ವ.

"ನನ್ನ ಸೀರಿ, ನನ್ನ ಕೂಸು, ನನ್ನ ನಡಿಗಿ" ಎಂದಳು ಇಂದ್ರಾಬಾಯಿ. "ಎಲ್ಲಾ ತಗೊಂಡೀಯಲ್ಲ ನೀ."

"ಅಕ್ಕಾ, ಆಕಿ ಹುಡುಗಿ" ಎಂದ ಗುರಲಿಂಗಪ್ಪ.

"ನೀ ಸುಮ್ಕಿರು, ನಿನ್ನ ಲೆಕ್ಕ ಆಮ್ಯಾಲೆ."

"ಹೆಸರಂತೂ ಹೋತು" ಎಂದು ಬಸಲಿಂಗವ್ವ ರಾಗ ತೆಗೆದಳು. "ಹೋಗ್ಲಿ ಬಿಡ್ರಿ" ಎಂದಳು ಹನುಮವ್ವ. ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು.

ಚಂಪಾ ಗೋದಲಿಯ ಪಕ್ಕದಲ್ಲಿದ್ದ ಗಂಟೆ ಎತ್ತಿ ಜೋರಾಗಿ ಬಾರಿಸಿದಳು.

ಹದಿನೆಂಟು ಮಕ್ಕಳು ತಟ್ಟನೆ ಬಾಯಿ ಮುಚ್ಚಿದರು. ಶೀಲಾವತಿ ಮುಚ್ಚಿದಳು. ಸುತ್ತಲಿನವರು ಮುಚ್ಚಿದ್ದು ನೋಡಿ ನಾಲ್ವರೂ ನಿಲ್ಲಿಸಿದರು.

"ಗಂಟಿ ನನ್ನ ಕೈಯಾಗ ಐತಿ" ಎಂದಳು ಚಂಪಾ. "ಕಿವ್ಯಾಗ ನಾ ಏನ್ ಹೇಳೀನಿ ಅಂತ ಯಾರೂ ಕೇಳಲಿಲ್ಲ. ನಾ ಚಂದ್ರಾಮ ಅಂತ ಹೇಳೀನಿ. ಅವತ್ತೂ ಅದ, ಇವತ್ತೂ ಅದ. ಯೇಸು ಅಂತ ಮಂದಿಗಿ ಕೂಗೀನಿ, ಅದು ನಾಟಕದ್ದು. ಕೂಸಿನ ಕಿವ್ಯಾಗ ಸುಳ್ಳು ಹೇಳಬಾರದಲ್ಲ, ಅದಕ ಅಜ್ಜನ ಹೆಸರು ಹೇಳೀನಿ."

ಬಸಲಿಂಗವ್ವ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಇಂದ್ರಾಬಾಯಿ ಮಾತ್ರ ಅಷ್ಟಕ್ಕೆ ಬಿಡುವವಳಲ್ಲ.

"ಅವತ್ತು ಎಷ್ಟು ಸಲ ದಾಟ್ಸಿದ್ರಿ?"

"ಐದು."

"ಯಾವ ಕಿವಿ?"

"ಬಲಗಿವಿ."

"ಬೆನ್ನಿಗಿ ಗುದ್ದಿದ್ರು?"

"ಇನ್ನೂ ನೋಯ್ತೈತಿ."

ಇಂದ್ರಾಬಾಯಿ ಕೂಸನ್ನು ಎತ್ತಿಕೊಂಡು ಅದರ ಬಲಗಿವಿಯ ಹತ್ತಿರ "ಚಂದ್ರಾಮಾ" ಅಂದಳು. ಕೂಸು ಅವಳ ಮೂಗು ಹಿಡಿಯಿತು.

"ಆತು ಬಿಡು. ತೊಟ್ಟಲ ಶಾಸ್ತ್ರಕ್ಕ ಸರಿ ಆಗೈತಿ, ಎರಡನೇ ಸಲ ಇಲ್ಲ. ನಾ ಸಿಟ್ಟು ಮಾಡ್ಕೊಂಡು ಕುಂತಿದ್ಯ, ನನ್ನ ಜಾಗಾದಾಗ ನಿಂತು ನನ್ನ ಹಂಗ ಮಾಡ್ಯಾಳ. ಗುರಲಿಂಗಾ, ಹೆಸರಿಟ್ಟಾಕಿ ಬೇಡಿದ್ದು ಕೊಡಬೇಕು. ಕೊಡದಿದ್ರ ಕೂಸಿಗಿ ಚಂದಲ್ಲ. ಕೇಳು ಆಕಿನ್ನ."

"ಆಕಿಗೇನ್ ಕೊಡೋದು?"

"ಕೇಳಂದ್ಯಲ್ಲ."

ಗುರಲಿಂಗಪ್ಪ ಮಗಳ ಮುಂದೆ ನಿಂತ. ಹತ್ತು ವರ್ಷದಲ್ಲಿ ಅವನು ಮಗಳನ್ನು ಏನೂ ಕೇಳಿದ ನೆನಪಿಲ್ಲ. "ಏನ್ ಬೇಕವ್ವ ನಿನಗ?" ಎಂದ.

"ಸಾಲಿ."

ಅಷ್ಟೇ ಹೇಳಿ ಆಕೆ ಗಂಟೆಯನ್ನು ಕೆಳಗಿಟ್ಟಳು. ಶೀಲಾವತಿ ಕಣ್ಣೊರೆಸಿಕೊಂಡಳು.

"ಕೂಸು?" ಎಂದ ಗುರಲಿಂಗಪ್ಪ. ಸಿಟ್ಟಿನಿಂದಲ್ಲ, ನಿಜವಾಗಿ ತೋಚದೆ.

"ಈಗ ಗಂಜಿ ತಿಂತಾನ" ಎಂದಳು ಹನುಮವ್ವ. "ಹೋಗುಮುಂದ ಕುಡಸ್ತೀನಿ, ಬಂದು ಕುಡಸ್ತೀನಿ."

"ಹಿಡಿಯವ್ರು?"

ಹುಲ್ಲಿನ ಮೇಲಿಂದ ಬಸಲಿಂಗವ್ವ ಏಳುತ್ತ, "ನಾ ಹಿಡೀತೀನಿ. ಹತ್ತಕ್ಕ ನನ್ನ ಒಲಿ ಆರ್ತೈತಿ, ಇಲ್ಲೇ ಬಂದು ಕುಂಡ್ರತೀನಿ" ಅಂದಳು. "ಕಾವಲ ಇರಬೇಕು. ಇಲ್ಲಾಂದ್ರ ಈ ಹುಡುಗ್ರು ಮುಂದಿನ ವರ್ಷ ಅವನಿಗಿ ಮದುವಿನೂ ಮಾಡಿಬಿಡ್ತಾರ."

ನಕ್ಷತ್ರದ ಕೆಳಗೆ ಎಲ್ಲರಿಗೂ ಕೇಕು ಹಂಚಿದರು. ಸೀರೆಯನ್ನು ಯಾರು ಉಡಬೇಕೆಂದು ಮತ್ತೆ ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಇಂದ್ರಾಬಾಯಿಯೇ ಅದನ್ನು ಶೆಡ್ಡಿನ ತೊಲೆಗೆ ಜೋಳಿಗೆ ಕಟ್ಟಿ, ಚಂದ್ರಾಮನನ್ನು ಅದರಲ್ಲಿ ಹಾಕಿ ತೂಗಿದಳು. ಎಂಟೂವರೆಯ ಲೋಕಲ್ಲಿಗೆ ತಮ್ಮನೇ ಸ್ಟೇಷನ್ನಿನ ತನಕ ಹೋಗಿ ಬಿಟ್ಟು ಬಂದ.

ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಚಂಪಾಳ ಹೆಸರು ನಾಲ್ಕನೆಯ ತರಗತಿಯ ಹಾಜರಿಯಲ್ಲಿ ಬಂತು. ಆ ಬೆಳಿಗ್ಗೆ ಆಕೆ ಚೀಲ ಬೆನ್ನಿಗೆ ಹಾಕಿ ಚಾಳಿನ ಕೆಸರು ದಾಟಿ ಹೊರಟಳು. ಹಿಂದೆ ಶೆಡ್ಡಿನ ಬಾಗಿಲಲ್ಲಿ ಬಸಲಿಂಗವ್ವ ಚಂದ್ರಾಮನ ಕೈ ಹಿಡಿದು ನಿಲ್ಲಿಸಿಕೊಂಡಿದ್ದಳು. ಮೊಮ್ಮಗಳ ಸೊಂಟ ಖಾಲಿಯಿತ್ತು, ಆದರೂ ಕೂಸು ಅಲ್ಲೇ ಇದೆ ಎಂಬಂತೆ ಆಕೆ ಬಲಕ್ಕೆ ವಾಲಿಕೊಂಡು ಹೋಗುತ್ತಿದ್ದಳು.

"ಏ ಚಂಪಾ" ಎಂದು ಬಸಲಿಂಗವ್ವ ಕೂಗಿದಳು. "ನೆಟ್ಟಗ ನಡಿ. ಕೂಸು ನನ್ನ ಕಡಿ ಐತಿ."